ಸ್ಟಾಪರ್ ಮುಂದೆ ಆಡಿದ್ದು

ಹೈದರಾಬಾದಿನ ಫುಟ್‌ಬಾಲ್ ಅಂದರೆ ನನಗೆ ನೆನಪಾಗುವುದು ಸೈಯದ್ ಅಬ್ದುಲ್ ರಹೀಂ. ಶಾಲಾ ಮೇಷ್ಟ್ರಾಗಿದ್ದವರು, ಇಲ್ಲಿನ ಸಿಟಿ ಪೊಲೀಸ್ ತಂಡವನ್ನು ಬೆಳೆಸಿದವರು. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಕೋಚ್. ಅಲ್ಲಿ ಸ್ಟಾಪರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ರಹೀಂ ಅವರನ್ನು ಹೊರಗೆ ಕೂರಿಸದೆ ಸೆಂಟರ್ ಫಾರ್ವರ್ಡ್ ಆಗಿ ಇಳಿಸಿದರು. ಇವತ್ತಾದರೆ ಯಾವ ಡಾಕ್ಟರೂ ಬಿಡುತ್ತಿರಲಿಲ್ಲ, ಆ ಮಾತು ಬೇರೆ. ಜರ್ನೈಲ್ ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧ ಒಂದು, ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ ಒಂದು ಗೋಲು ಹೊಡೆದರು. 2-1, ಚಿನ್ನ.

ಇದನ್ನು ನಾನು ಹೇಳಿದ್ದು ಅಕ್ಕನ ಮಗನಿಗೆ. ಇಲ್ಲೇ ಡಿಗ್ರಿ ಎರಡನೇ ವರ್ಷ, ಕಾಲೇಜು ತಂಡದ ಸ್ಟಾಪರ್. ಕೋಚ್ ಮುಂದಕ್ಕೆ ಹಾಕಿದ್ದಕ್ಕೆ "ಹಿಂದೆ ಆಡೋಕೆ ನಾನು ಲಾಯಕ್ಕಿಲ್ಲ ಅಂತ ತಾನೇ, ಮಾಮ?" ಅಂತ ಬೂಟು ಮೂಲೆಗೆ ಎಸೆದು ಕೂತಿದ್ದ. ಅವನ ಸಂಕಟ ಸುಳ್ಳಲ್ಲ. ಹಿಂದೆ ನಿಂತವನಿಗೆ ಇಡೀ ಮೈದಾನ ಕಣ್ಣೆದುರಿಗೇ ಇರುತ್ತದೆ. ಮುಂದೆ ಹೋದರೆ ಚೆಂಡು ಬೆನ್ನ ಹಿಂದಿನಿಂದ ಬರುತ್ತದೆ, ಇಷ್ಟು ವರ್ಷದ ಅಭ್ಯಾಸವೆಲ್ಲ ತಲೆಕೆಳಗು. ಆದರೆ ಎಂಥ ಚೆಂಡಿಗೆ ಡಿಫೆಂಡರ್ ತಡವರಿಸುತ್ತಾನೆ ಅನ್ನೋದು ಅವನಿಗೆ ಗೊತ್ತಿರುವಷ್ಟು ಯಾವ ಫಾರ್ವರ್ಡಿಗೆ ಗೊತ್ತು?

ಜರ್ನೈಲ್ ಆಮೇಲೆ ಹಿಂದಕ್ಕೇ ಮರಳಿದರು, ಭಾರತದ ನಾಯಕರೂ ಆದರು ಎಂದಾಗ ಮಾತ್ರ ಹುಡುಗನ ಕಿವಿ ನಿಮಿರಿತು. "ಈ ಸೀಸನ್ ಅಷ್ಟೇ ಅಂತ ಕೋಚ್ ಹತ್ರ ಬರೆಸಿಕೊಳ್ಳೋಕಾಗುತ್ತಾ?" ಅಂದ.