ಅಲಾರಂ ಮುಳ್ಳು

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚೌಕಾಸಿ ಮಾಡಿ ತಂದ ಹಳೆಯ ಅಟ್ಮೆಲ್ ಬೋರ್ಡೊಂದು ನನ್ನ ಮೇಜಿನ ಮೇಲಿದೆ. ಅದರಲ್ಲಿರುವುದು ಒಂದೇ ಟೈಮರ್ ಬ್ಲಾಕು, ಮೂರೇ ಚಾನೆಲ್ಲು. ಒಂದೊಂದೂ 16 ಬಿಟ್ಟಿನದು. 65,535ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಶುರು, ಕಟ್ಟೆಯ ಮೇಲಿನ ಮುದುಕರ ಕಥೆಯಂತೆ. ಲಿನಕ್ಸಿನ ಡ್ರೈವರು ಎರಡನ್ನು ಬೆಸೆದು 32 ಬಿಟ್ಟಿನ ಗಡಿಯಾರ ಮಾಡಿಕೊಳ್ಳುತ್ತದೆ, ಮೂರನೆಯದನ್ನು ಅಲಾರಮ್ಮಿಗೆ ಇಟ್ಟುಕೊಳ್ಳುತ್ತದೆ. ಪುಟ್ಟದೊಂದು ಫ್ಯಾನಿನ ವೇಗ ಹಿಡಿಯಲು ನನಗೂ ಒಂದು ಚಾನೆಲ್ಲು ಕೊಡಪ್ಪಾ ಎಂದರೆ, ಪಂಕ್ತಿ ಎದ್ದಮೇಲೆ ಬಂದ ನೆಂಟನ ಗತಿ.

ಸಿಟ್ಟು ಮಾತ್ರ ಬರುವುದಿಲ್ಲ. ಆ ಒಂದೇ ಅಲಾರಂ ನಂಬಿಕೊಂಡು ಲಿನಕ್ಸಿನ ತಿರುಳಾದ ಕರ್ನಲ್ಲಿನೊಳಗೆ ಎಷ್ಟೊಂದು ಕೆಲಸಗಳು ‘ಇಷ್ಟು ಹೊತ್ತಿಗೆ ಎಬ್ಬಿಸು’ ಎಂದು ಹೇಳಿ ಮಲಗಿರುತ್ತವೆ! ಎಲ್ಲರಿಗಿಂತ ಮೊದಲು ಏಳಬೇಕಾದವನ ಹೊತ್ತಿಗಷ್ಟೇ ಅದನ್ನು ಇಡುವುದು. ಬಡಿದೊಡನೆ ಅವನನ್ನು ಎಬ್ಬಿಸಿ, ಮುಂದಿನವನ ಹೊತ್ತಿಗೆ ತಿರುಗಿಸುವುದು. ಇದನ್ನು ಮೊದಲ ಸಲ ಓದಿದಾಗ ನಕ್ಕಿದ್ದೆ. ಚಾಮರಾಜಪೇಟೆಯ ವಠಾರದಲ್ಲಿ ಅಪ್ಪ ದಿನಾ ಮಾಡುತ್ತಿದ್ದುದೂ ಇಷ್ಟೇ.

ಮನೆಗೆಲ್ಲ ಒಂದೇ ಗಡಿಯಾರ. ಅದಕ್ಕೆ ಕೊನೆಯವರೆಗೂ ಕೀ ಕೊಡಬೇಕಿತ್ತು. ಮೂರೂವರೆಗೆ ಅಪ್ಪನ ಪಾಳಿ: ಕೃಷ್ಣರಾಜ ಮಾರುಕಟ್ಟೆಯಲ್ಲಿ ಸಗಟು ಹೂವು ಎತ್ತಬೇಕು. ಐದಕ್ಕೆ ನನ್ನ ಓದು. ಐದೂವರೆಗೆ ಅಕ್ಕನ ಸಂಗೀತ. ಅಮ್ಮ ಈ ಲೆಕ್ಕಕ್ಕೇ ಇಲ್ಲ. ಅಲಾರಂ ಬಡಿಯುವಷ್ಟರಲ್ಲಿ ಅವಳ ಒಲೆಯ ಮೇಲೆ ನೀರು ಕಾಯುತ್ತಿರುತ್ತಿತ್ತು.

ಗಂಟೆ ಎರಡು ಸಲ ‘ಕಿರ್’ ಎನ್ನುವುದರೊಳಗೆ ಅಪ್ಪ ಅದರ ಬಾಯಿ ಮುಚ್ಚುತ್ತಿದ್ದರು. ಕತ್ತಲಲ್ಲೇ ಬೆನ್ನ ತಿರುಪು ತಡವಿ, ಮುಳ್ಳನ್ನು ಐದಕ್ಕೆ ತಂದು, ನಾಲ್ಕು ಸುತ್ತು ಕೀ ಕೊಟ್ಟು, ನನ್ನ ದಿಂಬಿನ ಪಕ್ಕ ಇಟ್ಟು ಹೋಗುತ್ತಿದ್ದರು. ನಾನೆದ್ದು ಅಕ್ಕನಿಗೆ ತಿರುಗಿಸಿಡಬೇಕು. ಎಷ್ಟೋ ದಿನ ಅದನ್ನು ಅದುಮಿ ಮಗ್ಗುಲಾಗಿಬಿಡುತ್ತಿದ್ದೆ.

‘ನಿನ್ನಿಂದ ನನ್ನ ಪಾಠ ಹೋಯ್ತಲ್ಲೋ ಸೋಮಾರಿ!’ ಎಂದು ಅಕ್ಕ ಕೂಗಾಡುವ ಹೊತ್ತಿಗೆ ಅಪ್ಪ ವಾಪಸು ಬರುತ್ತಿದ್ದರು, ಭುಜದ ಮೇಲೊಂದೆರಡು ಕನಕಾಂಬರ ಅಂಟಿಸಿಕೊಂಡು. ‘ಹೋಗ್ಲಿ ಬಿಡಮ್ಮ, ನಾಳೆ ಸರಿಯಾಗಿ ತಿರುಗಿಸ್ತಾನೆ,’ ಎನ್ನುತ್ತಿದ್ದರು. ನಾಳೆಯೂ ನಾನು ತಿರುಗಿಸುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ಅಕ್ಕ ಮದುವೆಯಾಗಿ ಹೋದಳು. ನನಗೆ ಕೆಲಸ ಸಿಕ್ಕಿತು, ಐದಕ್ಕೆ ಏಳುವ ದರ್ದು ತಪ್ಪಿತು. ಅಪ್ಪ ಮಾತ್ರ ಬಿಡಲಿಲ್ಲ. ಮಾರುಕಟ್ಟೆಗೆ ಹೊರಡುವ ಮುಂಚೆ ಮುಳ್ಳು ತಿರುಗಿಸಿಟ್ಟೇ ಹೋಗುತ್ತಿದ್ದರು. ‘ಯಾರಿಗಪ್ಪಾ ಇದು?’ ಎಂದರೆ, ‘ಕೈ ಅಭ್ಯಾಸ ಕಣೋ,’ ಎಂದು ನಗುತ್ತಿದ್ದರು.

ಗಡಿಯಾರ ಈಗ ಬೋರ್ಡಿನ ಪಕ್ಕದಲ್ಲೇ ಇದೆ. ಅಪ್ಪ ಹೋದಮೇಲೆ ಯಾರೂ ಅದಕ್ಕೆ ಕೀ ಕೊಟ್ಟಿಲ್ಲ. ಅಲಾರಂ ಮುಳ್ಳು ಐದರ ಮೇಲಿದೆ.