ಪುಕ್ಕಟೆ ಬಂದ ಬ್ರೌಸರು

ಹೊಸಾ ಫೋನ್ ತಗೊಂಡ್ರ ಈಗ ಭಾಳ ಕಂಪನಿಯವರು ಡಬ್ಬಿಯೊಳಗ ಚಾರ್ಜರ್ ಸೈತ ಇಡೂದಿಲ್ಲ. ಆದ್ರ ಬ್ರೌಸರ್ ಮಾತ್ರ ತಪ್ಪದ ಹಾಕಿ ಕೊಡ್ತಾರ, ಅದೂ ಪುಕ್ಕಟೆ. ಕರೆಂಟ್ ಬಿಲ್ ತುಂಬಲಿಕ್ಕೆ, ಮಂಡಿನೋವಿಗೆ ಔಷಧ ಹುಡುಕಲಿಕ್ಕೆ ಒತ್ತತೀರಲ್ಲಾ, ಅದ. ಆಂಡ್ರಾಯ್ಡ್ ಇದ್ರ ಕ್ರೋಮ್, ಐಫೋನ್ ಇದ್ರ ಸಫಾರಿ, ವಿಂಡೋಸ್ ಕಂಪ್ಯೂಟರ್ ಇದ್ರ ಎಜ್.

ನಮ್ಮ ಮಾವಶಿ 30 ವರ್ಷ ಖಾನಾವಳಿ ನಡಿಸಿದಾಕಿ. ಇದನ್ನ ಹೇಳಿದಾಗ ಆಕಿ ನಕ್ಕಳು. "ಪುಕ್ಕಟೆ ಕೊಡ್ಲಿಕ್ಕೆ ಅವರೇನು ನಮ್ಮ ತವರುಮನಿಯವರೇನ? ಉಪ್ಪಿನಕಾಯಿ ಪುಕ್ಕಟೆ ಅಂತ ನಾನೂ ಬಡಸ್ತಿದ್ದೆ. ಅದರ ರೊಕ್ಕ ಊಟದ ಚೀಟಿಯೊಳಗ ಕೂತಿರ್ತಿತ್ತು."

ಹಂಗಾರ ನಮ್ಮ ಚೀಟಿ ಎಲ್ಲೇದ? ಸಫಾರಿಯೊಳಗ ನಾವು ಏನ್ ಹುಡುಕಿದ್ರೂ ಅದು ಸೀದಾ ಗೂಗಲ್‌ಗೆ ಹೋಗಲಿ ಅಂತ, 2022ರ ಒಂದ ವರ್ಷಕ್ಕ ಗೂಗಲ್ ಆಪಲ್‌ಗೆ ಕೊಟ್ಟದ್ದು 2,000 ಕೋಟಿ ಡಾಲರ್. ರೂಪಾಯಿ ಅಲ್ರೀ, ಡಾಲರ್! ಅಮೆರಿಕಾದ ಕೋರ್ಟಿನ ಕಾಗದದಾಗ ಹೊರಗ ಬಂದ ಲೆಕ್ಕ ಇದು. ನಾವು ಸೆಟಿಂಗ್ ಬದಲಿ ಮಾಡ್ಲಿಕ್ಕೆ ಹೋಗೂದಿಲ್ಲ ಅನ್ನೋ ಭರವಸಾಕ್ಕ ಅಷ್ಟು ಕಿಮ್ಮತ್ತು. ಆ ರೊಕ್ಕ ಬರೂದು ಜಾಹೀರಾತಿನಿಂದ. ಜಾಹೀರಾತಿನ ಖರ್ಚು ನಾವು ಕೊಳ್ಳೋ ಕುಕ್ಕರಿನ ಬೆಲಿಯೊಳಗ ಕೂತಿರ್ತದ.

ರೊಕ್ಕದ ಮಾತು ಅಲ್ಲಿಗೆ ಬಿಡ್ರಿ. ನಮ್ಮ ಓಣಿಯ ಒಬ್ರ ವೈನಿ (ಅವರನ್ನ ಕೇಳೇ ಬರಿಲಿಕ್ಕತ್ತೇನಿ, ಹೆಸರು ಬ್ಯಾಡ) ಅವರಿಗೆ ಮುಟ್ಟು ನಿಂತು ಎರಡು ವರ್ಷದ ಮ್ಯಾಲೆ ಮತ್ತ ರಕ್ತ ಕಾಣಿಸಿಕೊಳ್ತು. ಯಾರಿಗೆ ಹೇಳೂದು? ರಾತ್ರಿ ಎಲ್ಲಾರೂ ಮಲಗಿದ ಮ್ಯಾಲೆ ಫೋನಿನೊಳಗ ಹುಡುಕಿದ್ರು. ಫೋನ್ ಮಗಾ ಕೊಡಿಸಿದ್ದು, ಅವನ ಅಕೌಂಟಿನಿಂದನ ಚಾಲೂ ಮಾಡಿಕೊಟ್ಟಿದ್ದು. ನಮ್ಮ ಎಷ್ಟೋ ಮನಿಯೊಳಗ ಹಿಂಗ ಇರ್ತದ. ಮರುದಿನ ಅಂವಾ ಹಾಲ್‌ನ್ಯಾಗ ಲ್ಯಾಪ್‌ಟಾಪ್ ತಗದು ಹುಡುಕೋ ಡಬ್ಬಿ ಒತ್ತಿದ ಕೂಡಲೇ ತಾಯಿ ಬರದ ಮಾತೆಲ್ಲಾ ಸಾಲಾಗಿ ಕೆಳಗ ಇಳದ್ವು. ಪಾಪ, ಕಾಳಜಿಯಿಂದನ ಕೇಳಿದಾ, "ಅಮ್ಮಾ, ಏನಾಗೇದ ನಿನಗ?" ಮಾವನವರು ಅಲ್ಲೇ ಪೇಪರ್ ಓದ್ಲಿಕ್ಕತ್ತಿದ್ರು. ವೈನಿ "ಏನಿಲ್ಲೋ" ಅಂದು ಅಡಗಿಮನಿಗೆ ನಡದ್ರು.

ಅಲ್ಲಿಂದ ಹುಡುಕೂದು ಬಿಟ್ರು, ಕೇಳೂದೂ ಬಿಟ್ರು. ಮುಟ್ಟು ನಿಂತ ಮ್ಯಾಲೆ ಒಂದ ಹನಿ ಕಾಣಿಸಿದ್ರೂ ತಡಾ ಮಾಡದ ಡಾಕ್ಟರ್ ಕಡೆ ಹೋಗಬೇಕು. ಇವರು ಮೂರು ತಿಂಗಳು ಹೊಟ್ಟಿಯೊಳಗ ಇಟ್ಕೊಂಡ್ರು. ಕಡೀಕೆ ತೋರಿಸಿದಾಗ ಗರ್ಭಕೋಶದೊಳಗ ಸಣ್ಣ ಗಡ್ಡಿ, ತಗದ್ರು, ಈಗ ಆರಾಮ ಇದ್ದಾರ. ಆ ಮೂರು ತಿಂಗಳ ನಿದ್ದಿ ಯಾವ ಚೀಟಿಯೊಳಗೂ ಬರೂದಿಲ್ಲ.

ಇದು ಇವತ್ತಿನ ಜಗಳ ಅಲ್ಲ. ನೆಟ್‌ಸ್ಕೇಪ್ ಅಂತ ಒಂದ ಬ್ರೌಸರ್ ಇತ್ತು, ರೊಕ್ಕಕ್ಕ ಮಾರ್ತಿದ್ರು. ಮೈಕ್ರೋಸಾಫ್ಟ್ ವಿಂಡೋಸ್ ಜೋಡಿ ತಂದು ಪುಕ್ಕಟೆ ಕೊಟ್ಟಮ್ಯಾಲೆ 1998ರಾಗ ಅದೂ ಪುಕ್ಕಟೆ ಆಗಬೇಕಾತು. ನಮ್ಮ ದೇಶದಾಗೂ, ಗೂಗಲ್‌ನ ಅಪ್ಲಿಕೇಶನ್ ಎಲ್ಲಾ ಒಂದ ಗಂಟಿನೊಳಗ ಫೋನಿಗೆ ಹಾಕಿಸ್ತಾರ ಅಂತ 2022ರ ಅಕ್ಟೋಬರಿನೊಳಗ ಸ್ಪರ್ಧಾ ಆಯೋಗ 1,337.76 ಕೋಟಿ ರೂಪಾಯಿ ದಂಡ ಹಾಕ್ತು. ದಂಡ ಸರಕಾರಕ್ಕ ಹೋಗ್ತದ, ವೈನಿಯವರಿಗಲ್ಲ.

ಟೊಪಗಿ-ಕನ್ನಡಕದ ಚಿತ್ರ ಇರೋ ಕಿಟಕಿ ಅದಲ್ಲಾ, ಇನ್‌ಕಾಗ್ನಿಟೋ, ಅದರೊಳಗ ಹುಡುಕಿದ್ದು ಮನಿಮಂದಿಗೆ ಕಾಣೂದಿಲ್ಲ, ಅಷ್ಟಕ್ಕ ಛಲೋ. ವೆಬ್‌ಸೈಟಿನವರ ಕಣ್ಣು ಮಾತ್ರ ತಪ್ಪೂದಿಲ್ಲ. ಆ ಜಗಳನೂ ಕೋರ್ಟಿಗೆ ಹೋಗಿ, ಕೂಡಿಟ್ಟ ನೂರಾರು ಕೋಟಿ ದಾಖಲೆ ಅಳಸ್ತೇವಿ ಅಂತ ಗೂಗಲ್ 2024ರಾಗ ಒಪ್ಪಿಕೊಂಡ್ತು.

ವೈನಿ ಈಗ ತಮ್ಮ ಹೆಸರಿಲೇ ಬ್ಯಾರೆ ಅಕೌಂಟ್ ಮಾಡ್ಯಾರ, ಫೈರ್‌ಫಾಕ್ಸ್ ಹಾಕ್ಕೊಂಡಾರ. (ಅದನ್ನ ನಡಸೋರಿಗೂ ಹೆಚ್ಚಿನ ಆದಾಯ ಗೂಗಲ್‌ನಿಂದನ ಬರ್ತದಂತ ಹೇಳಿದಾಗ ಮಾವಶಿ ಮತ್ತೊಮ್ಮೆ ನಕ್ಕಳು.) ನಿಮ್ಮ ಫೋನ್ ಯಾರ ಅಕೌಂಟಿನೊಳಗದ ಅಂತ ಗೊತ್ತಿಲ್ಲದವರು ಬುಧವಾರ ಮಧ್ಯಾಹ್ನ ನಮ್ಮನಿಗೆ ಬರ್ರಿ, ಕೂತು ನೋಡೋಣು. ಗಂಡಸರು ಆಫೀಸಿಗೆ ಹೋಗಿರ್ತಾರ. ವೈನಿನೂ ಬರ್ತೇನಂದಾರ.