ಸೋಸಿದರೂ ಹೋಗದ ಬಣ್ಣ

ಬೋಧನಾಭ್ಯಾಸದ ನನ್ನ ಹನ್ನೊಂದನೆಯ ಪಾಠ ಚೆನ್ನಾಗಿತ್ತೆಂದು ವೀಕ್ಷಣಾ ಪುಸ್ತಕದಲ್ಲಿದೆ. ‘ತರಗತಿ ನಿರ್ವಹಣೆ ಉತ್ತಮ, ಪ್ರಯೋಗ ಸ್ಪಷ್ಟ’ ಎಂಬ ಷರಾ. ಆ ಪಾಠದಲ್ಲಿ ನಾನು ಮಕ್ಕಳಿಗೆ ಸುಳ್ಳು ಹೇಳಿದ್ದೆ.

ಶಾಲೆ ಸಿದ್ದಾಪುರ ತಾಲ್ಲೂಕಿನದು. ಒಂಬತ್ತನೆಯ ತರಗತಿ, ಮಿಶ್ರಣಗಳನ್ನು ಬೇರ್ಪಡಿಸುವ ಘಟಕ. ಹಿಂದಿನ ವಾರ ಅಕಾಲದ ಮಳೆ ಬಿದ್ದಿದ್ದರಿಂದ ಮಕ್ಕಳಿಗೆ ಕಲಕು ನೀರು ತರಲು ಹೇಳಿದ್ದೆ. ಹೆಚ್ಚಿನವರು ಗದ್ದೆಯ ಕೆಸರು ನೀರು ತಂದರು. ಆಲಿಕೆಯಲ್ಲಿ ಸೋಸುಕಾಗದ ಇಟ್ಟು ಸುರಿದೆ. ಕೆಳಗೆ ಬಹುಮಟ್ಟಿಗೆ ತಿಳಿಯಾದ ನೀರು ಇಳಿಯಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಬೆಟ್ಟದ ಹೊಂಡದ ನೀರು ತಂದಿದ್ದಳು. ತರಗೆಲೆ ನೆನೆದು ನೆನೆದು ಅದು ಹಾಲು ಹಾಕದ ಚಹಾದಂತಾಗಿತ್ತು. ಸೋಸಿದೆ. ಕೆಳಗಿಳಿದದ್ದೂ ಚಹಾವೇ.

“ಅಕ್ಕೋರೇ, ಬಣ್ಣ ಹೋಗ್ಲೇ ಇಲ್ಲ.”

ಕಾಗದ ಬದಲಿಸಿ ಮತ್ತೆ ಸೋಸಿದೆ. ಅದೇ ಬಣ್ಣ. ಹಿಂದೆ ವೀಕ್ಷಕರು ಕೂತಿದ್ದಾರೆ, ಅವಧಿ ಮುಗಿಯಲು ಎಂಟು ನಿಮಿಷ, ಪಾಠ ಯೋಜನೆಯಲ್ಲಿ ಮೌಲ್ಯಮಾಪನದ ಮೂರು ಪ್ರಶ್ನೆ ಬಾಕಿ. “ಈ ಕಾಗದ ಹಳೆಯದು, ತೂತು ದೊಡ್ಡದಾಗಿವೆ” ಎಂದುಬಿಟ್ಟೆ. ಅವಳು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ಹೋಗಿ ಕೂತಳು.

ಆ ರಾತ್ರಿ ಹಾಸ್ಟೆಲಿನಲ್ಲಿ ಕೂತು ಓದಿದೆ. ಪದವಿಯಲ್ಲಿ ರಸಾಯನಶಾಸ್ತ್ರ ಓದಿದವಳು ನಾನು, ನಾಚಿಕೆಯಾಯಿತು. ಎಲೆ, ತೊಗಟೆ, ಬೇರು ಕೊಳೆಯುವಾಗ ಟ್ಯಾನಿನ್, ಹ್ಯೂಮಿಕ್ ಆಮ್ಲಗಳಂಥ ಇಂಗಾಲದ ಸಂಯುಕ್ತಗಳು ನೀರಿಗೆ ಇಳಿಯುತ್ತವೆ. ಇದಕ್ಕೆ ಕರಗಿದ ಸಾವಯವ ಇಂಗಾಲ ಎನ್ನುತ್ತಾರೆ. ವಿಜ್ಞಾನಿಗಳು ಸಾಮಾನ್ಯವಾಗಿ 0.45 ಮೈಕ್ರೊಮೀಟರ್ ರಂಧ್ರದ ಸೋಸುಪೊರೆಯಲ್ಲಿ ನೀರು ಹಾಯಿಸಿ, ದಾಟಿಬಂದುದನ್ನು ‘ಕರಗಿದ್ದು’ ಎಂದು ಲೆಕ್ಕ ಹಾಕುತ್ತಾರೆ. ಅಂದರೆ ಸೋಸಿದರೂ ಹೋಗದಿರುವುದೇ ಅದರ ಗುರುತು! ನಮ್ಮ ಸೋಸುಕಾಗದದ ರಂಧ್ರಗಳು ಅದಕ್ಕಿಂತ ಎಷ್ಟೋ ದೊಡ್ಡವು. ಕಾಗದದ ತಪ್ಪೇನೂ ಇರಲಿಲ್ಲ.

ನಾಲ್ಕು ದಿನದ ನಂತರ ಅದೇ ತರಗತಿಗೆ ಇಂಗಾಲದ ಚಕ್ರದ ಪಾಠವಿತ್ತು. ನಾನು ಬರೆದಿಟ್ಟುಕೊಂಡಿದ್ದ ಚಿತ್ರಪಟದಲ್ಲಿ ಗಾಳಿ, ಗಿಡ, ಪ್ರಾಣಿ, ಕಲ್ಲಿದ್ದಲು, ಸಮುದ್ರ ಎಲ್ಲ ಇದ್ದವು, ಹೊಳೆ ಇರಲಿಲ್ಲ. “ಮೊನ್ನೆ ನಾನು ಹೇಳಿದ್ದು ಸುಳ್ಳು. ನನಗೆ ಗೊತ್ತಿರಲಿಲ್ಲ, ಹಾಗಾಗಿ ಕಾಗದದ ಮೇಲೆ ಹಾಕಿದೆ” ಎಂದೆ. ಮಕ್ಕಳು ಮುಖ ಮುಖ ನೋಡಿಕೊಂಡರು. ಅದೇ ಹೊಂಡದ ನೀರನ್ನು ಸೋಸಿ, ಪಿಂಗಾಣಿ ಬಟ್ಟಲಲ್ಲಿ ಸ್ಪಿರಿಟ್ ದೀಪದ ಮೇಲೆ ಇಟ್ಟೆ. ನೀರು ಆರಲು ಬಹಳ ಹೊತ್ತು ಹಿಡಿಯಿತು. ತಳದಲ್ಲಿ ಕಂದು ಪೊರೆ ಉಳಿಯಿತು. ಇನ್ನೂ ಕಾಯಿಸಿದಾಗ ಅದು ಕಪ್ಪಾಗಿ, ತರಗೆಲೆ ಸುಟ್ಟ ವಾಸನೆ ಬಂತು. “ಮಸಿ!” ಎಂದರು ಮುಂದಿನವರು. ಮಸಿ ಎಂದರೆ ಇಂಗಾಲ ಎಂದು ನಾನು ಹೇಳಬೇಕಾಗಲಿಲ್ಲ.

“ಹಾಗಾದ್ರೆ ಇದೆಲ್ಲ ಸಮುದ್ರಕ್ಕೆ ಹೋಗ್ತದಾ?” ಅದೇ ಹುಡುಗಿ ಕೇಳಿದಳು.

ಈ ಬಾರಿ ಓದಿಕೊಂಡಿದ್ದೆ. 2007ರಲ್ಲಿ ಜೊನಾಥನ್ ಕೋಲ್ ಮತ್ತು ಸಂಗಡಿಗರು ಮಾಡಿದ ಅಂದಾಜಿನಂತೆ ವರ್ಷಕ್ಕೆ ಸುಮಾರು 190 ಕೋಟಿ ಟನ್ ಇಂಗಾಲ, ಎಲ್ಲ ರೂಪಗಳದ್ದೂ ಸೇರಿ, ನೆಲದಿಂದ ಹೊಳೆ-ಕೆರೆಗಳಿಗೆ ಇಳಿಯುತ್ತದೆ. ಸಮುದ್ರ ಮುಟ್ಟುವುದು ಸುಮಾರು 90 ಕೋಟಿ. 20 ಕೋಟಿಯಷ್ಟು ತಳದಲ್ಲಿ ಹೂತುಹೋಗುತ್ತದೆ. ಉಳಿದ 80 ಕೋಟಿ ಗಾಳಿಗೆ ಮರಳುತ್ತದೆ. ಕರಗಿದ್ದನ್ನು ಬ್ಯಾಕ್ಟೀರಿಯಾ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ, ಬಿಸಿಲೂ ಒಡೆಯುತ್ತದೆ. ಹೊಳೆ ಬರೀ ಕೊಳವೆಯಲ್ಲ, ದಾರಿಯಲ್ಲೇ ಉಸಿರಾಡುತ್ತದೆ. ಬ್ರೆಜಿಲ್‌ನ ರಿಯೊ ನೆಗ್ರೊ ಇದೇ ಬಣ್ಣಕ್ಕೆ ಕಪ್ಪು ನದಿ ಎನಿಸಿಕೊಂಡಿದೆ. ಮನೌಸ್ ಹತ್ತಿರ ಮಣ್ಣುಬಣ್ಣದ ಸೊಲಿಮೊಯೆಸ್ ಸೇರಿದ ಮೇಲೂ ಎರಡೂ ಕೆಲವು ಕಿಲೊಮೀಟರ್ ಪಕ್ಕಪಕ್ಕದಲ್ಲೇ ಹರಿಯುತ್ತವೆ. ಪೀಟ್ ಜೌಗುಗಳ ಬಗ್ಗೆಯೂ ಹೇಳಲು ಹೊರಟೆ. ಅವು ನೆಲದ ಶೇಕಡ 3ರಷ್ಟೇ ಇದ್ದರೂ ಮಣ್ಣಿನ ಇಂಗಾಲದ ಮೂರನೇ ಒಂದು ಪಾಲನ್ನು ಹಿಡಿದಿಟ್ಟಿವೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ಮೌಲ್ಯಮಾಪನದ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಆ ದಿನದ ಷರಾ: ‘ಸಮಯ ಪಾಲನೆ ಸಾಲದು. ಪಠ್ಯದ ಹೊರಗಿನ ವಿಷಯ ಹೆಚ್ಚು.’ ಎರಡೂ ನಿಜ. ಅಂಕ ಹಿಂದಿನದಕ್ಕಿಂತ ಕಡಿಮೆ. ಹನ್ನೊಂದನೆಯ ಪಾಠದ ಷರಾದ ಕೆಳಗೆ ಏನಾಯಿತೆಂದು ನಾನೇ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.

ಬಿಸಿಲು ಬಣ್ಣ ಒಡೆಯುವುದನ್ನು ನೋಡಲು ಅದೇ ನೀರನ್ನು ಎರಡು ಬಾಟಲಿಗೆ ತುಂಬಿ, ಒಂದನ್ನು ಕಿಟಕಿಯಲ್ಲಿಟ್ಟು, ಇನ್ನೊಂದನ್ನು ಪೇಪರ್ ಸುತ್ತಿ ಕಪಾಟಿನಲ್ಲಿಟ್ಟೆವು. ನನ್ನ ಅವಧಿ ಮುಗಿದ ದಿನ ಹೊರತೆಗೆದರೆ, ಕಿಟಕಿಯದು ತಿಳಿಯಾಗಿದೆ ಎಂದು ಅರ್ಧ ತರಗತಿ, ಏನೂ ವ್ಯತ್ಯಾಸವಿಲ್ಲ ಎಂದು ಇನ್ನರ್ಧ. ಆ ಹುಡುಗಿ ಯಾವ ಕಡೆಯೂ ಸೇರಲಿಲ್ಲ. “ಇನ್ನೂ ಹದಿನೈದು ದಿನ ಇಡುವಾ ಅಕ್ಕೋರೇ” ಎಂದಳು. ಎರಡೂ ಬಾಟಲಿ ಅವಳ ವಶಕ್ಕೆ ಕೊಟ್ಟು ಬಂದೆ.